ಹೂವು ಚೆನ್ನಾಗಿ ಬರುತ್ತೆ, ಚಿಟ್ಟೆ ಯಾಕೆ ಮಸುಕು?

ಪ್ರಶ್ನೆ: ಸರ್, ಸಿದ್ದಾಪುರದ ಹತ್ತಿರ ನಮ್ಮದು ಕಾಫಿ ತೋಟ. ಬೇಲಿಯ ಲಂಟಾನಕ್ಕೂ ಅಂಗಳದ ರಥಪುಷ್ಪಕ್ಕೂ ದಿನಾ ಚಿಟ್ಟೆ ಬರುತ್ತವೆ. ನನ್ನ ಹತ್ತಿರ 70-300 ಎಂ.ಎಂ. ಜೂಮ್ ಲೆನ್ಸ್ ಇದೆ. ಎಷ್ಟು ತೆಗೆದರೂ ಫೋಕಸ್ ಸಿಗಲ್ಲ. ಅದರಲ್ಲೂ ಕಪ್ಪು-ಹಳದಿಯ ದೊಡ್ಡ ಚಿಟ್ಟೆ ಒಂದು ಸಲವೂ ಸರಿ ಬಂದಿಲ್ಲ. ಮೂರು ಫೋಟೋ ಕಳಿಸಿದ್ದೇನೆ. ಚಿಕ್ಕ ವಸ್ತುವನ್ನು ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಲೆನ್ಸ್ ತಗೊಳ್ಳಲೇಬೇಕಾ?

ಉತ್ತರ: ದುಡ್ಡು ಖರ್ಚು ಮಾಡೋಕೆ ಮುಂಚೆ ನಿಮ್ಮ ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಲಂಟಾನದ ಗೊಂಚಲಲ್ಲಿ ಒಂದೊಂದು ಪುಟ್ಟ ಹೂವನ್ನೂ ಎಣಿಸಬಹುದು, ನಡುವಿನ ಹಳದಿ, ಅಂಚಿನ ಗುಲಾಬಿ ಎಲ್ಲ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಅಲ್ಲಿಂದ ಬರೀ ಒಂದು ಸೆಂಟಿಮೀಟರ್ ಹಿಂದೆ ಚಿಟ್ಟೆಯ ಕಣ್ಣಿದೆ, ಅದು ಮಾತ್ರ ಮಸುಕು. ಅಂದ್ರೆ ಲೆನ್ಸ್ ಸರಿಯಾಗೇ ಇದೆ, ಫೋಕಸ್ ಬಿದ್ದ ಜಾಗ ತಪ್ಪು. ಕ್ಯಾಮೆರಾಗೆ ಪೂರ್ತಿ ಬಿಟ್ಟುಕೊಟ್ಟರೆ ಅದು ಸಾಮಾನ್ಯವಾಗಿ ಹತ್ತಿರದಲ್ಲಿರೋದನ್ನೇ ಹಿಡಿಯುತ್ತೆ, ಇಲ್ಲಿ ಹೂವು ಮುಂದಿತ್ತು. ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಂಡು ಅದನ್ನು ಚಿಟ್ಟೆಯ ಕಣ್ಣಿನ ಮೇಲೆ ಇಡಿ. ಶುರುವಿನಲ್ಲಿ ನನ್ನ ಹತ್ತಿರವೂ ಚಿಟ್ಟೆಗಿಂತ ಲಂಟಾನದ ಫೋಟೋಗಳೇ ಜಾಸ್ತಿ ಇದ್ದವು!

ಮೊದಲನೇ ಫೋಟೋದ ಕಥೆ ಬೇರೆ. ಅದರಲ್ಲಿ ಯಾವುದೂ ಫೋಕಸ್‌ನಲ್ಲಿಲ್ಲ, ನೀವು ತೀರಾ ಹತ್ತಿರ ಹೋಗಿದ್ದೀರಿ. 70-300 ಲೆನ್ಸ್‌ಗಳಲ್ಲಿ ಹಲವು ಸುಮಾರು ಒಂದೂವರೆ ಮೀಟರ್‌ಗಿಂತ ಹತ್ತಿರದ ವಸ್ತುವನ್ನು ಹಿಡಿಯೋದೇ ಇಲ್ಲ. ನಿಮ್ಮ ಲೆನ್ಸಿನ ಮೇಲೇ ಆ ದೂರ ಬರೆದಿರುತ್ತೆ, ನೋಡಿಕೊಳ್ಳಿ. ಒಂದು ಹೆಜ್ಜೆ ಹಿಂದೆ ಬಂದು 300ಕ್ಕೆ ಜೂಮ್ ಮಾಡಿ. ಚಿಟ್ಟೆಯೂ ಹೆದರಲ್ಲ, ನಿಮ್ಮ ನೆರಳೂ ಅದರ ಮೇಲೆ ಬೀಳಲ್ಲ.

ಮೂರನೆಯದರಲ್ಲಿ ಹೂವು, ಎಲೆ, ಚಿಟ್ಟೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದೆ. ಫೋಟೋದ ವಿವರದಲ್ಲಿ ಶಟರ್ ಸ್ಪೀಡ್ (ಶಟರ್ ತೆರೆದಿರೋ ಹೊತ್ತು) 1/80 ಸೆಕೆಂಡ್ ಅಂತಿದೆ, ಅದೂ 300ರಲ್ಲಿ. ಕೈ ಅಲುಗಿದೆ, ಅಷ್ಟೇ. ಸಿಲ್ವರ್ ಓಕ್ ನೆರಳಲ್ಲಿ ಬೆಳಕು ಕಮ್ಮಿ, ಒಪ್ಪಿದೆ, ಆದ್ರೂ 1/500ಕ್ಕಿಂತ ಕೆಳಗೆ ಇಳಿಯಬೇಡಿ. ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಆದರೂ ಚಿಂತೆ ಇಲ್ಲ, ಸ್ವಲ್ಪ ಕಾಳುಕಾಳಾಗಿ ಬಂದ ಫೋಟೋವನ್ನು ಆಮೇಲೆ ಸರಿಮಾಡಬಹುದು, ಅಲುಗಿದ್ದನ್ನು ಆಗಲ್ಲ.

ಈಗ ನಿಜವಾದ ತೊಂದರೆಗೆ ಬರೋಣ. ಸುಮಾರು 9 ಸೆಂ.ಮೀ. ಅಗಲದ ಜಾಗ ಫ್ರೇಮ್ ತುಂಬುವಷ್ಟು ಹತ್ತಿರದಿಂದ ತೆಗೆದರೆ, ನಿಮ್ಮಂಥ ಎಪಿಎಸ್‌-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿ ಎಫ್ 5.6ಕ್ಕೆ ಇಟ್ಟರೆ ಸ್ಪಷ್ಟವಾಗಿ ಸಿಗೋದು ನಾಲ್ಕೈದು ಮಿಲಿಮೀಟರ್ ಆಳ ಮಾತ್ರ. ಕಿಂಡಿ ಚಿಕ್ಕದು ಮಾಡಿ ಎಫ್ 11ಕ್ಕೆ ಹೋದರೆ ಸುಮಾರು 9 ಮಿಲಿಮೀಟರ್. ಇಷ್ಟರಲ್ಲಿ ರೆಕ್ಕೆ, ಕಣ್ಣು, ಮೀಸೆ ಎಲ್ಲ ಕೂರಬೇಕು. ಅದಕ್ಕೇ ಕೋನ ಮುಖ್ಯ. ಒಂದು ಕಾಫಿ ಎಲೆ ಕಿತ್ತುಕೊಂಡು ಕ್ಯಾಮೆರಾ ಎದುರು ನೆಟ್ಟಗೆ ಹಿಡಿಸಿ ತೆಗೆಯಿರಿ, ಎಲೆಯ ಒಂದೊಂದು ನರವೂ ಕಾಣುತ್ತೆ. ಅದೇ ಎಲೆಯನ್ನು ಓರೆಯಾಗಿ ತಿರುಗಿಸಿದರೆ ನಡುವಿನ ಒಂದು ಪಟ್ಟಿ ಮಾತ್ರ ಸ್ಪಷ್ಟ. ಚಿಟ್ಟೆಯ ರೆಕ್ಕೆಯೂ ಹಾಗೇ. ರೆಕ್ಕೆ ಮುಚ್ಚಿ ಕೂತಿದ್ದರೆ ಪಕ್ಕದಿಂದ, ಬಿಚ್ಚಿದ್ದರೆ ಮೇಲಿನಿಂದ, ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾನಾಂತರ ಇರಲಿ. ಕೂರಬೇಕಾದರೆ ಕೂತುಬಿಡಿ, ಮಳೆಗಾಲದಲ್ಲಿ ಜಿಗಣೆ ಹತ್ತಿದ್ದು ಎದ್ದ ಮೇಲೇ ಗೊತ್ತಾಗೋದು.

ಗಾಳಿಗೆ ಹೂವು ಅಲ್ಲಾಡುತ್ತಿದ್ದರೆ ನಾನು ಆಟೋಫೋಕಸ್ ಆಫ್ ಮಾಡುತ್ತೇನೆ. ಒಂದು ದೂರಕ್ಕೆ ಫೋಕಸ್ ಇಟ್ಟು, ಮೈಯನ್ನೇ ಸ್ವಲ್ಪ ಮುಂದೆ-ಹಿಂದೆ ತೂಗುತ್ತಾ ಕಣ್ಣು ಸ್ಪಷ್ಟವಾದ ಗಳಿಗೆಯಲ್ಲಿ ಐದಾರು ಫೋಟೋ ಒಟ್ಟಿಗೆ ತೆಗೆಯುತ್ತೇನೆ. ಒಂದು ಬಂದರೆ ಸಾಕು, ಅಲ್ವಾ? ಬೆಳಿಗ್ಗೆ ಮಂಜು ಸರಿದ ಹೊತ್ತಿಗೆ ಹೋದರೆ ಈ ಸರ್ಕಸ್ ಕಮ್ಮಿ. ಮೈ ಬಿಸಿಯಾಗುವ ತನಕ ಅವು ಹಾರಲ್ಲ, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ.

ಮ್ಯಾಕ್ರೋ ಲೆನ್ಸ್ ಈಗ ಬೇಡ. ಅದರಲ್ಲಿ ವಸ್ತುವನ್ನು ಅದರ ಅಳತೆಗೇ ಸೆನ್ಸರ್ ಮೇಲೆ ತಂದರೆ ಎಫ್ 11ರಲ್ಲೂ ಒಂದು ಮಿಲಿಮೀಟರ್ ಆಳ ಸಿಗಲ್ಲ, ನಿಮ್ಮ ಕಷ್ಟ ಇನ್ನೂ ಜಾಸ್ತಿಯೇ ಆಗುತ್ತೆ. ಚಿಟ್ಟೆಯ ಮೊಟ್ಟೆ, ರೆಕ್ಕೆಯ ಹುರುಪೆ ತೆಗೆಯೋ ಹುಚ್ಚು ಹಿಡಿದಾಗ ಕೊಳ್ಳಿ.

ಇನ್ನು ಆ ಕಪ್ಪು-ಹಳದಿ ಚಿಟ್ಟೆ. ಅದು ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯದ ಚಿಟ್ಟೆ, ರೆಕ್ಕೆ ಹರಡಿದರೆ 14ರಿಂದ 19 ಸೆಂ.ಮೀ. ರಥಪುಷ್ಪದ ಮೇಲೆ ಅದು ಪೂರ್ತಿ ಕೂರೋದೇ ಇಲ್ಲ, ಕಾಲಲ್ಲಿ ಹೂವು ಹಿಡಿದುಕೊಂಡು ಮುಂದಿನ ರೆಕ್ಕೆ ಪಟಪಟ ಬಡಿಯುತ್ತಲೇ ಜೇನು ಹೀರುತ್ತೆ. ಆದ್ರೆ ಗಮನಿಸಿ, ತಲೆ ಹೆಚ್ಚು ಅಲುಗಲ್ಲ. ಶಟರ್ 1/1600, ಫೋಕಸ್ ಕಣ್ಣಿಗೆ. ಕಣ್ಣು ಸ್ಪಷ್ಟವಾಗಿ ಬಂದು ರೆಕ್ಕೆಯ ತುದಿ ಸ್ವಲ್ಪ ಮಸುಕಾದ ಫೋಟೋ ಸಿಕ್ಕರೆ ದಯವಿಟ್ಟು ಡಿಲೀಟ್ ಮಾಡಬೇಡಿ, ನನಗೂ ಒಂದು ಕಳಿಸಿ.