ತೂಕವಿಲ್ಲದ ಹಗ್ಗ ಎಲ್ಲಿ ಸಿಗುತ್ತೆ?

ಪ್ರಶ್ನೆ: ಫಿಸಿಕ್ಸ್ ಲೆಕ್ಕದಲ್ಲಿ ಹಗ್ಗಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ ಅಂತಾರೆ. ಇದು ಸುಳ್ಳಲ್ವಾ ಸಾರ್?
– ಪಿಯುಸಿ ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ಸುಳ್ಳೇ ಕಣಮ್ಮ, ಆದರೆ ಕೆಲಸಕ್ಕೆ ಬರುವ ಸುಳ್ಳು. ಬಾವಿಯಿಂದ 15 ಕಿಲೋ ಕೊಡ ಸೇದುವಾಗ (ನಮ್ಮ ಕೋಲಾರದ ಬಾವಿಯಲ್ಲಿ ನೀರೆಲ್ಲಿ ಅನ್ನಬೇಡ!) 1 ಕಿಲೋ ನೈಲಾನ್ ಹಗ್ಗವನ್ನು ಲೆಕ್ಕದಿಂದ ಬಿಟ್ಟರೆ ನಷ್ಟ ಕಡಿಮೆ. ರಾಟೆಯ ಘರ್ಷಣೆ, ತೂಕ ಎರಡನ್ನೂ ಬಿಟ್ಟರೆ ಹಗ್ಗದುದ್ದಕ್ಕೂ ಎಳೆತ ಒಂದೇ. ಎರಡು ಸಾಲಲ್ಲಿ ಉತ್ತರ.

ಪಕ್ಕದ ಕೆಜಿಎಫ್‌ನಲ್ಲಿ ಇದು ನಡೆಯಲ್ಲ. ಆ ಗಣಿಗಳು 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿದ್ದವು. ಮೀಟರಿಗೆ 5 ಕಿಲೋ ತೂಗುವ ಉಕ್ಕಿನ ಹಗ್ಗ ಅಂತಿಟ್ಟುಕೋ. 1,000 ಮೀಟರ್ ಇಳಿಬಿಟ್ಟರೆ ಹಗ್ಗವೇ 5 ಟನ್! ಮೇಲಿನ ತುದಿಗೆ ಎಳೆತ ಜಾಸ್ತಿ, ಕೆಳಗೆ ಕಮ್ಮಿ. ಉಕ್ಕು ಹಿಗ್ಗುವುದನ್ನೂ ಅಲ್ಲಿ ಲೆಕ್ಕ ಹಿಡಿಯಬೇಕು.

ಪರೀಕ್ಷೆಯಲ್ಲಿ ಹಗ್ಗದ ತೂಕ ಕೊಟ್ಟಿದ್ದರೆ ಮಾತ್ರ ಸುಮ್ನೆ ಬಿಡಬೇಡ.