ದೋ ನಂಬರ್ ಎಂದರೆ ಕಳಪೆ ಎಂದಲ್ಲ

ಬೆಳಗಾವಿಗೆ ವರ್ಗವಾಗಿ ಬಂದ ವಾರದಲ್ಲೇ ‘ದೋ ನಂಬರ್ ಮಾಲು’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿದೆ. ಕಳಪೆ ಸರಕು ಎಂದು ತಿಳಿದು, ಸರಿಯೇ ಎಂದು ಕೇಳಿದ್ದೀರಿ. ಅದಲ್ಲ. ಕಳಪೆಯದಕ್ಕೆ ನಾವು ‘ಹಲಕಾ’ ಎನ್ನುತ್ತೇವೆ, ನಕಲಿಗೆ ‘ಡುಪ್ಲಿಕೇಟ್’. ದೋ ನಂಬರಿನದು ಅಪ್ಪಟ ಅಸಲಿಯೇ ಇರಬಹುದು. ಸರ್ಕಾರದ ಕಣ್ಣಿಗೆ ಮಾತ್ರ ಬೀಳಬಾರದು. ವ್ಯಾಪಾರಿ ಬಿಲ್ ಹರಿದುಕೊಟ್ಟು ಮಾರಿದ್ದು ಒಂದು ನಂಬರ್, ಬಿಲ್ ಕೊಡದೆ ದುಡ್ಡು ಗಲ್ಲೆಗೆ ಹಾಕಿಕೊಂಡದ್ದು ದೋ ನಂಬರ್. ಹಿಂದಿಯ ‘ದೋ’ ಇದು. ಮರಾಠಿ ನೆರೆಯವರು ‘ದೋನ್ ನಂಬರ್’ ಎನ್ನುತ್ತಾರೆ.

ಗಡಿಯಲ್ಲಿ ಇದಕ್ಕೊಂದು ಚೇಷ್ಟೆಯೂ ಇದೆ. ವಸ್ತು ಅದೇ, ಊರು ದಾಟಿದರೆ ನಂಬರ್ ಬೇರೆ. ಮಹಾರಾಷ್ಟ್ರ ಗುಟ್ಕಾ ನಿಷೇಧಿಸಿದ್ದು 2012ರ ಜುಲೈಯಲ್ಲಿ, ಕರ್ನಾಟಕ 2013ರ ಮೇ ಕೊನೆಗೆ. ನಡುವಿನ ಹತ್ತು ತಿಂಗಳು ನಮ್ಮ ಕಡೆಯ ನಿಪ್ಪಾಣಿಯ ಪಾನ್ ಅಂಗಡಿಯಲ್ಲಿ ಸರವಾಗಿ ರಾಜಾರೋಷ ತೂಗುತ್ತಿದ್ದ ಪೊಟ್ಟಣ, ಗಡಿಯ ಕೊಗನೊಳಿ ದಾಟಿ ಮಹಾರಾಷ್ಟ್ರದ ಕಾಗಲ್ ಮುಟ್ಟುವಷ್ಟರಲ್ಲಿ ದೋ ನಂಬರ್ ಆಗಿಬಿಡುತ್ತಿತ್ತು! ಈಗ ಎರಡೂ ಕಡೆ ಅದೇ ಗತಿ.

ಮನೆಯ ಕಟ್ಟುಪಾಡಿಗೆ ಮಾತ್ರ ಈ ಮಾತನ್ನು ಬಳಸಬೇಡಿ. ಲಿಂಗಾಯತರ ಮನೆಯಲ್ಲಿ ಮೊಟ್ಟೆ ‘ನಡೆಯುವುದಿಲ್ಲ’, ಅಷ್ಟೇ. ಅದನ್ನು ದೋ ನಂಬರ್ ಎಂದರೆ ನಗುತ್ತಾರೆ. ಹೊರಗೆ ಕದ್ದು ಆಮ್ಲೆಟ್ ತಿನ್ನುವ ಗೆಳೆಯನನ್ನು ಕಾಡಿಸಲು ಹೇಳಿದರೆ ಅಡ್ಡಿಯಿಲ್ಲ.

ಗೋವಾದ ಮದ್ಯದ ಬಾಟಲಿಯ ಕಥೆ ಹೇಳದಿದ್ದರೆ ಈ ಉತ್ತರ ಅರ್ಧವೇ. ಅಲ್ಲಿ ತೆರಿಗೆ ಕಡಿಮೆ, ಹಾಗಾಗಿ ಅಗ್ಗ. ಪರವಾನಗಿ ಇಲ್ಲದೆ ಗಡಿಯ ಚೋರ್ಲಾ ಘಾಟ್ ಹತ್ತಿಸಿದರೆ ನಮ್ಮ ಕಡೆಯ ಕಣಕುಂಬಿಯ ತಪಾಸಣೆಯಲ್ಲಿ ಸಿಕ್ಕಿಬೀಳುವ ಭಯ. ನಮ್ಮ ಸೋದರಮಾವ ಒಮ್ಮೆ ಮೂರು ಬಾಟಲಿಗಳನ್ನು ಲುಂಗಿಯಲ್ಲಿ ಸುತ್ತಿ, ಮೇಲೆ ಗೋಡಂಬಿ ಪೊಟ್ಟಣ ಜೋಡಿಸಿ ತಂದಿದ್ದ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೆ. ಬಸ್ಸಿನೊಳಗೆ ಟಾರ್ಚ್ ಹತ್ತಿಸಿಕೊಂಡು ಬಂದವರು ಹಿಂದಿನ ಸೀಟಿನವರೆಗೂ ಹೋಗಿ ಬಂದರು, ಇವನ ಚೀಲ ಮುಟ್ಟಲಿಲ್ಲ. ಮನೆಗೆ ಬಂದಾಗ ಅವ್ವ ಚೀಲ ಎತ್ತಿ ಒಳಗಿಡಲು ಹೋದಳು. ಗಾಜು ಗಾಜಿಗೆ ತಾಗಿ ಟಣ್ ಎಂದಿತು.

“ಕೋಕಂ ಶರಬತ್ತು ಅಕ್ಕಾ” ಎಂದ ಮಾವ.

“ಒಂದು ನಂಬರಿನದೋ?” ಎಂದಳು ಅವ್ವ.