ಆರ್ಡರ್ ಬಂತು, ಸೆಟ್ಟರ್ ಎಲ್ಲಿ?

ಪ್ರಶ್ನೆ: ಪೀಣ್ಯ 2ನೇ ಹಂತದಲ್ಲಿ ನಂದೊಂದು ಸಣ್ಣ ಶೆಡ್ ಇದೆ ಸಾರ್, ನಾಕು ಸಿಎನ್‌ಸಿ ಟರ್ನಿಂಗು, ಎರಡು ವಿಎಂಸಿ, ಎಲ್ಲಾ ಕಂಪ್ಯೂಟರ್ ಪ್ರೋಗ್ರಾಮಲ್ಲಿ ಲೋಹ ಕೊರೆಯೋ ಮೆಷಿನ್ನು. ಒಂದೂವರೆ ವರ್ಷದಿಂದ ಆರ್ಡರ್ ಡಲ್ಲು, 22 ಜನ ಇದ್ದೋರು ಈಗ 14. ಯಾರ ಸಂಬಳಾನೂ ಒಂದ್ ರೂಪಾಯಿ ಕಟ್ ಮಾಡಿಲ್ಲ, ಆದ್ರೂ ಮೇನ್ ಸೆಟ್ಟರೇ (ಮೆಷಿನ್ನಿಗೆ ಟೂಲು, ಜಾಬು ಹೊಂದಿಸಿ ಅಳತೆ ಕೂರಿಸೋನು) ಆಯುಧಪೂಜೆ ಬೋನಸ್ ತಗೊಂಡು ಡಾಬಸ್‌ಪೇಟೆ ಕಡೆ ಹೊರಟೋದ. ಈಗ ಪಾರ್ಟಿಗಳು ಮತ್ತೆ ಡ್ರಾಯಿಂಗ್ ಕಳಿಸ್ತಾ ಇದಾರೆ. ದೊಡ್ಡ ಕಂಪನಿ ಕೊಡೋ ಸಂಬಳ ನಮ್ ಕೈಲಾಗಲ್ಲ. ಒಳ್ಳೆ ಹುಡುಗ್ರನ್ನ ಹೆಂಗೆ ತರೋದು, ಹೆಂಗೆ ಉಳಿಸ್ಕೊಳ್ಳೋದು? (ಹೆಸರು ಬೇಡ)

ಉತ್ತರ: ಸಂಬಳ ಕಟ್ ಮಾಡಿಲ್ಲ ಅಂತೀರಿ, ನಂಬ್ತೀನಿ, ಆದ್ರೆ ಓಟಿ ನಿಂತೋಯ್ತಲ್ಲ ಸಾರ್? 18 ಸಾವಿರ ಸಂಬಳದ ಹುಡುಗ ದಿನಕ್ಕೆರಡು ಗಂಟೆ ಓಟಿ ಹಾಗೆ ತಿಂಗಳಿಗೆ 24 ದಿನ ಮಾಡಿದ್ರೆ ಕಾನೂನು ಪ್ರಕಾರ ಡಬಲ್ ರೇಟಲ್ಲಿ ಎಂಟು ಸಾವಿರದ ಮೇಲೆ ಆಗುತ್ತೆ. ಅವನ ರೂಮ್ ಬಾಡಿಗೆ, ಬೈಕ್ ಕಂತು ಎಲ್ಲಾ ಆ ಲೆಕ್ಕದ ಮೇಲೇ ನಿಂತಿರೋದು. ನಿಮ್ಮ ಪುಸ್ತಕದಲ್ಲಿ ಸಂಬಳ ಹಾಗೇ ಇದೆ, ಅವನ ಮನೇಲಿ ಮೂರನೇ ಒಂದು ಭಾಗ ಹೋಯ್ತು. ಅವನು ನಿಮಗೇನೂ ಮೋಸ ಮಾಡಿಲ್ಲ, ಮೊದ್ಲು ಆ ಸಿಟ್ಟು ಬಿಡಿ, ಯಾಕಂದ್ರೆ ನೀವು ಮೊದಲ ಫೋನ್ ಮಾಡ್ಬೇಕಾಗಿರೋದೇ ಅವನಿಗೆ.

ಇದನ್ನ ಹೇಳೋಕೆ ನಂಗೆ ಅಧಿಕಾರ ಇದೆ ಅನ್ಕೊಂಡಿದೀನಿ, ಇದೇ ತಪ್ಪನ್ನ ನಿಮಗಿಂತ ಕೆಟ್ಟದಾಗಿ ಮಾಡಿದೋನು ನಾನು. 2009ರಲ್ಲಿ ಕೆಲಸ ಇಲ್ಲ ಅಂತ ಆರು ಜನಕ್ಕೆ ಫೋನಲ್ಲೇ ‘ನಾಳೆಯಿಂದ ಬರಬೇಡಿ’ ಅಂದುಬಿಟ್ಟೆ, ಎದುರಿಗೆ ಕೂರಿಸಿ ಹೇಳೋ ಧೈರ್ಯ ಇರ್ಲಿಲ್ಲ. ಮುಂದಿನ ವರ್ಷ ಆರ್ಡರ್ ಒಂದೇ ಸಲ ನುಗ್ತು. ಹಳೇ ಸೆಟ್ಟರ್‌ಗೆ ಫೋನ್ ಮಾಡಿದ್ರೆ ಅವನು ‘ಸಾರ್, ಅವತ್ತು ನೀವು ಫೋನಲ್ಲೇ ಬೇಡ ಅಂದ್ರಿ, ಇವತ್ತು ನಾನೂ ಫೋನಲ್ಲೇ ಬರಲ್ಲ ಅಂತಿದೀನಿ’ ಅಂದ. ಹೊಸಬನ್ನ ಹಾಕ್ಕೊಂಡೆ. ಒಂದು ಬುಷ್, ಅಂದ್ರೆ ಸಣ್ಣ ಕೊಳವೆ ಥರದ ಪೀಸು, ಒಳಗಿನ ಬೋರ್ (ತೂತು) 20 ಮೈಕ್ರಾನ್ ಒಳಗೆ, ಅಂದ್ರೆ ಮಿಲಿಮೀಟರಿನ ಐವತ್ತನೇ ಒಂದು ಭಾಗದೊಳಗೆ ಬರ್ಬೇಕು. ಹಳಬ ಎರಡು ಗಂಟೇಲಿ ಸೆಟ್ ಮಾಡ್ತಿದ್ದ, ಹೊಸಬನಿಗೆ ಒಂದೂವರೆ ದಿನ ಹಿಡೀತು. ಕಾರಣ ಏನಪ್ಪ ಅಂದ್ರೆ ಯಾವ ಇನ್ಸರ್ಟು (ಲೋಹ ಕೊರೆಯೋ ಅಲಗು), ಎಷ್ಟು ಪೀಸಿಗೊಂದ್ಸಲ ಆಫ್‌ಸೆಟ್ ಕೊಡ್ಬೇಕು (ಅಳತೆ ತಿದ್ದಬೇಕು), ಪೀಸ್ ಹಿಡಿಯೋ ಜಾ ಎಷ್ಟು ಬಿಗಿ ಮಾಡಿದ್ರೆ ಬೋರ್ ಓವಲ್ ಆಗುತ್ತೆ, ಎಲ್ಲಾ ಆ ಹಳಬನ ಶರ್ಟ್ ಜೇಬಿನ ಪುಟ್ಟ ಡೈರೀಲಿತ್ತು. ಡೈರಿ ಅವನ ಜೊತೆ ಹೋಗಿತ್ತು.

ಹಾಗಾಗಿ ಮೆಷಿನ್ ಖಾಲಿ ಇರೋ ಈ ಒಂದೆರಡು ತಿಂಗಳನ್ನ ಹಾಳು ಮಾಡ್ಕೋಬೇಡಿ. ಪ್ರತಿ ಜಾಬ್‌ಗೂ ಸೆಟ್ಟಿಂಗ್ ಶೀಟ್ ಬರೆಸಿ, ಮೊಬೈಲಲ್ಲಿ ಫೋಟೋ ತೆಗೆಸಿ ಅಂಟಿಸಿದ್ರೂ ಆಯ್ತು. ಉಳಿದ 14 ಜನರಲ್ಲಿ ಬಟನ್ ಒತ್ತೋ ಆಪರೇಟರ್ ಆಗಿದ್ರೂ ‘ಯಾಕೆ’ ಅಂತ ಕೇಳೋ ಹುಡುಗ ಒಬ್ಬ ಇದ್ದೇ ಇರ್ತಾನೆ, ಅವನನ್ನ ಈಗ್ಲೇ ಸೆಟ್ಟಿಂಗಿಗೆ ಹಾಕಿ, ನಾಕು ಪೀಸ್ ರಿಜೆಕ್ಷನ್ ಆದ್ರೂ ಬೈಬೇಡಿ. ಆರ್ಡರ್ ಜೋರಾದ್ಮೇಲೆ ಕಲಿಸೋಕೆ ನಿಮಗೆ ಪುರುಸೊತ್ತಿರಲ್ಲ. ಕಲಿಸಿದ್ಮೇಲೆ ಬಿಟ್ಟೋದ್ರೆ ಅಂತ ಎಲ್ಲಾ ಓನರ್‌ಗಳೂ ಕೇಳ್ತಾರೆ. ಹೋಗ್ಲಿ ಬಿಡಿ, ಕಲೀದೇ ಇರೋನು ನಿಮ್ಮಲ್ಲೇ ಉಳಿದ್ರೆ ಏನ್ ಮಾಡ್ತೀರ?

ಹೋದೋರನ್ನ ಕರೆಯೋಕೆ ಸೂಪರ್‌ವೈಸರ್ ಕೈಲಿ ಹೇಳಿಸ್ಬೇಡಿ, ನೀವೇ ಹೋಗಿ ಒಂದು ಟೀ ಕುಡೀರಿ. ಐದು ವರ್ಷ ತುಂಬೋಕ್ ಮುಂಚೆ ಬಿಟ್ಟಿದ್ರೆ ಅವನಿಗೆ ಗ್ರಾಚ್ಯುಟಿ ಸಿಕ್ಕಿರಲ್ಲ, ವಾಪಸ್ ಬಂದ್ರೆ ಹಳೇ ಸರ್ವಿಸ್ ಸೇರಿಸ್ತೀನಿ ಅಂತ ಲೆಟರ್‌ಹೆಡ್ಡಲ್ಲಿ ಬರ್ಕೊಡಿ. ನಿಮಗದು ಇವತ್ತಿನ ಖರ್ಚಲ್ಲ, ಅವನಿಗೆ ಮಾತ್ರ ದೊಡ್ಡದು. ಇನ್ನು ಪಿಎಫ್, ಪ್ರತಿ ತಿಂಗಳಿಂದು ಅದರ ಮುಂದಿನ ತಿಂಗಳು 15ನೇ ತಾರೀಖಿನೊಳಗೆ ಕಟ್ಟಿಬಿಡಿ. ಡಲ್ ಟೈಮಲ್ಲಿ ಎಳೆದಾಡಿರ್ತೀರಿ, ಹುಡುಗ್ರು ಉಮಂಗ್ ಆ್ಯಪಲ್ಲಿ ಪಾಸ್‌ಬುಕ್ ನೋಡಿ ಓನರ್ ಗತಿ ಏನು ಅಂತ ನಿಮಗಿಂತ ಮುಂಚೆ ಊಹಿಸ್ತಾರೆ, ಆ ಸುದ್ದಿ ಲಗ್ಗೆರೆ, ದಾಸರಹಳ್ಳಿ ರೂಮುಗಳಲ್ಲಿ ಸಾಯಂಕಾಲಕ್ಕೆ ಹರಡಿರುತ್ತೆ. 2020ರ ಲಾಕ್‌ಡೌನಲ್ಲಿ ಊರಿಗೆ ಹೋದ ಬಿಹಾರ, ಒಡಿಶಾ ಹುಡುಗ್ರು, ನಾನು ನೋಡಿದ ಮಟ್ಟಿಗೆ, ಬಾಡಿಗೆ ಕೊಟ್ಟು ರೇಷನ್ ತಂದ್ಕೊಟ್ಟ ಓನರ್ ಹತ್ರಾನೇ ಮೊದ್ಲು ವಾಪಸ್ ಬಂದಿದ್ದು.

ಹೊಸ ಹುಡುಗ್ರಿಗೆ ಮೆಷಿನ್ ಕೆಲಸ ಕಲಿಸೋ ಸಂಸ್ಥೆಗಳಾದ ಜಿಟಿಟಿಸಿ, ಎನ್‌ಟಿಟಿಎಫ್, ಹತ್ತಿರದ ಐಟಿಐಗಳಲ್ಲಿ ಕೇಳಿ. 30 ಜನ ಅಥ್ವಾ ಅದಕ್ಕಿಂತ ಜಾಸ್ತಿ ಇದ್ರೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ, ನಿಮ್ ಥರ 4ರಿಂದ 29 ಇರೋರಿಗೆ ಅದು ಇಷ್ಟಕ್ಕೆ ಬಿಟ್ಟಿದ್ದು, ಆದ್ರೆ ತಗೋಬಹುದು, ಸ್ಟೈಪೆಂಡಲ್ಲಿ ಕೇಂದ್ರ ಸರ್ಕಾರದ ಪಾಲೂ ಇರುತ್ತೆ. ಕಸ ಗುಡಿಸೋಕೆ, ಚಿಪ್ಸ್ (ಲೋಹದ ಚೂರು) ಎತ್ತೋಕೆ ಮಾತ್ರ ಹಾಕ್ಬೇಡಿ, ಮೂರೇ ತಿಂಗಳಿಗೆ ಓಡೋಗ್ತಾನೆ.

ಇನ್ನು ಸಂಬಳ: 14 ಜನಕ್ಕೂ ಸಮನಾಗಿ ಐನೂರು ಐನೂರು ಹಂಚೋ ಬದ್ಲು, ಯಾರು ಹೋದ್ರೆ ಮೆಷಿನ್ ನಿಲ್ಲುತ್ತೋ ಆ ಮೂವರಿಗೆ ಈಗ್ಲೇ, ಅವರು ಕೇಳೋ ಮುಂಚೆನೇ ಏರಿಸಿ. ರಾಜೀನಾಮೆ ಲೆಟರ್ ಕೈಗೆ ಬಂದ್ಮೇಲೆ ಏರಿಸಿದ್ರೆ ಉಳಿದ 11 ಜನಾನೂ ಲೆಟರ್ ಬರೆಯೋದು ಕಲೀತಾರೆ.

ಪ್ರಶ್ನೆ: ಹಳೇ ಓನರ್ ವಾಪಸ್ ಕರೀತಿದಾರೆ ಅಣ್ಣ, ಹೋಗ್ಲಾ? (ವಿಎಂಸಿ ಆಪರೇಟರ್, ಹೆಗ್ಗನಹಳ್ಳಿ)

ಉತ್ತರ: ಮೊದ್ಲು ನಿನ್ನ ಹಳೇ ಪಿಎಫ್ ಪಾಸ್‌ಬುಕ್ ತೆಗೆದು ಯಾವ್ಯಾವ ತಿಂಗಳು ದುಡ್ಡು ಬಿದ್ದಿಲ್ಲ ನೋಡ್ಕೋ ತಮ್ಮ, ಅದನ್ನೇ ಅವರ ಮುಂದಿಟ್ಟು ಮಾತು ಶುರು ಮಾಡು. ಓಟಿ ಇಲ್ಲದ ತಿಂಗಳು ಕೈಗೆಷ್ಟು ಬರುತ್ತೆ ಅಂತ ಕೇಳು, ಓಟಿ ಸೇರಿಸಿ ಹೇಳಿದ್ರೆ ಕಿವಿಗೆ ಹಾಕ್ಕೋಬೇಡ. ಸೆಟ್ಟಿಂಗ್ ಕಲಿಸ್ತೀನಿ ಅಂದ್ರೆ ಒಂದ್ ಸಾವಿರ ಕಮ್ಮಿ ಆದ್ರೂ ಹೋಗು. ಇಲ್ಲಾಂದ್ರೆ ಇರೋ ಕಡೆನೇ ಇರು.